ಗಿಡ್ಡ ತೋಳಿನ ಜಂಪರು

ಮೊನ್ನೆ ಟ್ರಂಕು ಸ್ವಚ್ಛ ಮಾಡುವಾಗ ತಳದಲ್ಲಿ ಸೀರೆಗೆ ತೊಡುವ ಹಸಿರು ಜಂಪರೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಇನ್ನೂ ಇದೆ ಅನ್ನಿಸಿತು. ಇಷ್ಟು ವರ್ಷದ ಮೇಲೆ ಅದೆಲ್ಲಿ ಉಳಿದೀತು... ಆದರೂ ಮಿಷನ್ ಚಿಗವ್ವ ನೆನಪಾದಳು.

ಮಾನ್ವಿಯಲ್ಲಿ ನಮ್ಮ ಮನೆಯ ಎದುರಿಗೇ ಅವಳ ಮನೆ. ಬಳಗವೇನಲ್ಲ, ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಿದ್ದಳು, ಅದಕ್ಕೇ ಆ ಹೆಸರು. ಸುಡು ಬೇಸಿಗೆಯಲ್ಲೂ ಅವಳ ಸ್ವಂತ ಜಂಪರಿನ ತೋಳು ಮಣಿಕಟ್ಟಿನ ತನಕ. ಚಿಗವ್ವನಿಗೆ ಸೆಕೆಯೇ ಆಗುವುದಿಲ್ಲವೆಂದು ನಾವು ಹುಡುಗಿಯರು ನಗುತ್ತಿದ್ದೆವು. ಗಂಡ ತೀರಿ ಬಹಳ ವರ್ಷವಾಗಿತ್ತು, ಒಬ್ಬಳೇ ಇದ್ದಳು.

ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ದೇವದುರ್ಗಕ್ಕೆ ಕೊಟ್ಟರು. ಮೊದಲ ಪಂಚಮಿಗೆ ತವರಿಗೆ ಬಂದವಳು ಹಸಿರು ಬಟ್ಟೆ ಹಿಡಿದು ಚಿಗವ್ವನ ಬಳಿ ಹೋದೆ. ತೋಳು ಮೊಣಕೈ ದಾಟಲಿ ಎಂದೆ. ಟೇಪು ಹಿಡಿದವಳು ನಾನು ತೊಟ್ಟಿದ್ದ ಜಂಪರಿನ ತೋಳು ಮೇಲೆ ಸರಿಸಿದಳು. ಗಂಡನ ಬೆಲ್ಟಿನ ಬರೆಗಳು ಕಪ್ಪಾಗಿಯೇ ಇದ್ದವು. ಅವಳು ಕೇಳುವ ಮೊದಲೇ ನಾನೇ ರೊಟ್ಟಿ ಸೀದದ್ದು, ಸಾರು ಉಪ್ಪಾದದ್ದು, ಎದುರು ಮಾತಾಡಿದ್ದು, ಎಲ್ಲ ನನ್ನ ತಪ್ಪೆಂದು ಪಾಠದಂತೆ ಒಪ್ಪಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ.

"ಸಾರು ಉಪ್ಪಾದ್ರ ನೀರು ಹಾಕ್ತಾರವ್ವಾ, ಬೆಲ್ಟ್ ತಗೊಳ್ಳೂದಿಲ್ಲ," ಎಂದಳು. "ಕೈ ಅವಂದು, ಎತ್ತಿದಾಂವ ಅಂವ. ನೀ ಯಾಕ ಮುಚ್ಚಿಕೊಂಡು ತಿರುಗ್ತಿ?"

ಉದ್ದ ತೋಳನ್ನೇ ಹೊಲಿ ಎಂದು ಗೋಗರೆದೆ. ಇಂಥ ತೋಳು ಹೊಲಿದುಕೊಟ್ಟು ಎಷ್ಟೋ ಹುಡುಗಿಯರನ್ನು ಅದೇ ಮನೆಗೆ ವಾಪಸು ಕಳಿಸಿದ್ದೇನೆ, ಇನ್ನು ಸಾಕು ಎಂದಳು. ಮರುದಿನ ಜಂಪರು ಕೊಟ್ಟಳು. ತೋಳು ನಾಲ್ಕೇ ಬೆರಳು. ತೊಡುವುದು ಬಿಡುವುದು ನಿನಗೆ ಬಿಟ್ಟದ್ದು ಎಂದಳು.

ಹಬ್ಬ ಮುಗಿದು, ಕರೆದೊಯ್ಯಲು ಮಾವ ಬಂದರು. ನಾನು ಅದನ್ನೇ ತೊಟ್ಟು ಪಡಸಾಲೆಗೆ ನೀರು ತಂದೆ. ತಂಬಿಗೆ ಮಾವನ ಮುಂದಿಟ್ಟೆ. ಅಪ್ಪನ ಕಣ್ಣು ಬರೆಗಳ ಮೇಲೆ ನಿಂತಿತು. ನಮ್ಮ ಕಡೆ ಹೆಣ್ಣುಮಗಳ ಮೈಮೇಲೆ ಬರೆ ಕಂಡರೆ ಮೊದಲು ಕೇಳುವುದು ಅವಳನ್ನೇ. ಅಪ್ಪನೂ ಕೇಳಿದ.

"ಅಂಥಾದ್ದೇನ್ ಮಾಡಿದ್ದಿಯವ್ವಾ?"

ಉತ್ತರ ಹೊಸ್ತಿಲಿನಿಂದ ಬಂತು, ಚಿಗವ್ವನದು.

"ಅಕಿನ್ನ ಯಾಕ ಕೇಳ್ತೀರಿ ಅಣ್ಣಾರ? ಹೊಡದಾಂವನ್ನ ಕೇಳ್ರಿ."

ತಿರುಗಿ ನೋಡಿದೆ. ಅವಳೂ ನನ್ನಂತೆಯೇ ಗಿಡ್ಡ ತೋಳಿನ ಜಂಪರು ತೊಟ್ಟಿದ್ದಳು. ಎಡದೋಳಿನುದ್ದಕ್ಕೂ ಸುಟ್ಟ ಹಳೆಯ ಕಲೆ. ಓಣಿಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಅಪ್ಪ ಅವಳ ತೋಳು ನೋಡಿದ, ನನ್ನ ತೋಳು ನೋಡಿದ. ಆಮೇಲೆ ಮಾವನ ಕಡೆ ತಿರುಗಿ, ನಿಮ್ಮ ಮಗ ಮಾಡಿದ್ದೇನು ಹೇಳಿ ಎಂದ. ಮಾವ ಒಬ್ಬರೇ ದೇವದುರ್ಗದ ಬಸ್ಸು ಹತ್ತಿದರು.

ನಾನು ರಾಯಚೂರಿನಲ್ಲಿ ತರಬೇತಿ ಮುಗಿಸಿ ಶಿಕ್ಷಕಿಯಾದೆ. ಏಟು ತಿಂದು ಬಂದ ಮಗುವನ್ನು ನೀನೇನು ಮಾಡಿದೆ ಎಂದು ಒಂದು ದಿನವೂ ಕೇಳಲಿಲ್ಲ. ಚಿಗವ್ವ ಮತ್ತೆ ಉದ್ದ ತೋಳು ತೊಡಲಿಲ್ಲ. ಯಾಕೆ ಎಂದವರಿಗೆ, ಸೆಕೆ ನೋಡ್ರಿ ಎನ್ನುತ್ತಿದ್ದಳಂತೆ.

ಅವಳು ಹೋದ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಆ ಕಲೆಯ ಕಥೆ ನಾನು ಕೇಳಲೇ ಇಲ್ಲ... ಅವಳ ಕಾಲಕ್ಕೆ ಅವಳ ಹೊಸ್ತಿಲಲ್ಲಿ ನಿಂತು ಹಾಗೆ ಹೇಳಲು ಯಾರೂ ಇರಲಿಲ್ಲವಲ್ಲ ಎಂದು ಮೊನ್ನೆ ಟ್ರಂಕಿನ ಮುಂದೆ ಕೂತು ಅತ್ತುಬಿಟ್ಟೆ. ಆಮೇಲೆ ಜಂಪರು ಒಗೆದು, ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಒಣಹಾಕಿದೆ.