ಒಳಮುಖದ ಬಿಲ್ಲೆ

ಅಂಗಿಯನ್ನು ನೀರಿಗೆ ಹಾಕುವ ಮೊದಲು ಅದರ ಎದೆಯ ಮೇಲೊಮ್ಮೆ ಅಂಗೈ ಆಡಿಸಿ ನೋಡುವುದು ಮದುವೆಯಾದ ಹೊಸದರಲ್ಲೇ ನನಗೆ ಅಂಟಿಕೊಂಡ ರೂಢಿ. ಈಗ ಬೈಲಹೊಂಗಲದ ನಮ್ಮ ಮನೆಗೆ ಅರಿವೆ ಒಗೆಯುವ ಮಷೀನು ಬಂದಿದೆ. ಮೊಮ್ಮಕ್ಕಳಾದ ನೀವೆಲ್ಲ ತೊಡುವ ಅಂಗಿಗಳಿಗೆ ಗುಂಡಿಯೂ ಇಲ್ಲ, ಕಿಸೆಯೂ ಇಲ್ಲ. ಕೈಯಾಡಿಸಿದರೆ ತಾಗುವುದು ಯಾವುದೋ ಇಂಗ್ಲಿಷ್ ಅಕ್ಷರದ ಒರಟು ಮಾತ್ರ. ಆದರೂ ಮಷೀನಿನ ಬಾಯಿಗೆ ಹಾಕುವ ಮುನ್ನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ನಿಮ್ಮ ಪೈಕಿ ಸಣ್ಣವನೊಬ್ಬ, ನಮ್ಮ ಆಯಿ ಅಂಗಿಗಳಿಗೆ ದೃಷ್ಟಿ ತೆಗೆಯುತ್ತಾಳೆಂದು ಓಣಿಯಲ್ಲೆಲ್ಲ ಹೇಳಿ ಬಂದನಂತೆ. ದೃಷ್ಟಿಯಲ್ಲ ಮಕ್ಕಳೇ, ನಾನು ತೆಗೆಯುತ್ತಿದ್ದದ್ದು ಬಿಲ್ಲೆ.

ನೀವು ಬ್ಯಾಜು ಎನ್ನುವುದನ್ನೇ ನಾವು ಬಿಲ್ಲೆ ಎನ್ನುತ್ತಿದ್ದೆವು. ದುಂಡನೆಯ ಒಂದು ತಗಡು, ತಗಡಿನ ಮೇಲೆ ಚಿತ್ರವೋ ಅಕ್ಷರವೋ ಇರುವ ಕಾಗದ, ಕಾಗದದ ಮೇಲೆ ಗಾಜಿನಂಥ ತೆಳ್ಳನೆಯ ಹೊದಿಕೆ, ಬೆನ್ನಿಗೊಂದು ಪಿನ್ನು. ನಿಮ್ಮ ಅಜ್ಜ ಹತ್ತಿ ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ಅವರ ಅಂಗಿಯಿಂದ ನಾನು ಹತ್ತಿಯ ಎಳೆ ಕೊಡವುತ್ತಿದ್ದೆ. ರಜೆಯ ದಿನದ ಅಂಗಿಯಲ್ಲಿ ಮಾತ್ರ ಬಿಲ್ಲೆ ಇರುತ್ತಿತ್ತು. ಊರಲ್ಲಿ ಯಾವ ಸಭೆ ನಡೆದರೂ ಹಂದರ ಹಾಕಲು, ಜಮಖಾನೆ ಹಾಸಲು, ಬಂದವರಿಗೆ ದಾರಿ ತೋರಿಸಲು ಅವರು ಹಾಜರು. ವೇದಿಕೆಯ ಮೇಲೆ ಅವರನ್ನು ಕಂಡವರಿಲ್ಲ, ಹಂದರದ ಗೂಟದ ಹತ್ತಿರ ಕಾಣದವರಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವ ಧೈರ್ಯ ಹೊಸ ಸೊಸೆಯಾದ ನನಗಿರಲಿಲ್ಲ. ಒಂದು ಸಲ ಅಂಗಿಯನ್ನು ಹಾಗೆಯೇ ಬಕೀಟಿಗೆ ಅದ್ದಿ ತಿಕ್ಕಲು ಹೋದಾಗ ಹೆಬ್ಬೆರಳಿಗೆ ಪಿನ್ನು ನೆಟ್ಟಿತು. ಸಬಕಾರದ ನೊರೆ ಕೆಂಪಾಯಿತು. ಬಿಲ್ಲೆಯ ಮೇಲೆ 'ಸ್ವಯಂಸೇವಕ' ಎಂದಿತ್ತು. ಅಂದಿನಿಂದ ಗಂಡ ಎಲ್ಲಿಗೆ ಹೋಗಿ ಬಂದರೆಂಬುದನ್ನು ನಾನು ಅವರ ಬಾಯಿಂದಲ್ಲ, ಅವರ ಅಂಗಿಯಿಂದ ತಿಳಿದುಕೊಳ್ಳುವುದು ಶುರುವಾಯಿತು.

ಸಭೆ ಮುಗಿದ ಮೇಲೆ ಆ ಬಿಲ್ಲೆ ಅವರಿಗೆ ಬೇಕಾಗುತ್ತಿರಲಿಲ್ಲ. ಬೇಕಾಗದ್ದನ್ನು ಎಸೆಯಲು ನನ್ನಿಂದಾಗುತ್ತಿರಲಿಲ್ಲ. ಚಹಾಪುಡಿಯ ಖಾಲಿ ಡಬ್ಬಿಯೊಂದಿತ್ತು, ಅದರೊಳಗೆ ಹಾಕುತ್ತ ಹೋದೆ. ಇದನ್ನು ಸಂಗ್ರಹ ಎಂಬ ದೊಡ್ಡ ಮಾತಿನಿಂದ ಕರೆಯುತ್ತಾರೆಂದು ನನಗೆ ಗೊತ್ತಾದದ್ದು ತೀರ ಇತ್ತೀಚೆಗೆ. ಹಳ್ಳಿಯ ಸಾಲೆಯಲ್ಲಿ ನಾಲ್ಕು ಇಯತ್ತೆ ಓದಿದವಳಿಗೆ ಬೀಜದ ಕಾಳು ಕೂಡಿಡುವುದು ಗೊತ್ತು, ಇತಿಹಾಸ ಕೂಡಿಡುವುದು ಹೇಗೆ ಗೊತ್ತಾಗಬೇಕು?

ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯದು ತಗಡಿನದಲ್ಲ, ಹಿತ್ತಾಳೆಯದು. ಅದಕ್ಕೆ ಪಿನ್ನಿಲ್ಲ, ಪಟ್ಟಿಗೆ ಪೋಣಿಸಲು ಬೆನ್ನಿಗೆ ಎರಡು ಬಳೆಗಳಿವೆ. ಅದು ನನ್ನ ಮಾವನವರ ತಂದೆಯದು. ರಾಮದುರ್ಗದಲ್ಲಿ ಸಂಸ್ಥಾನವಿದ್ದಾಗ ಅವರು ಅಲ್ಲಿ ಪಟ್ಟೇವಾಲಾ, ಅಂದರೆ ಕಚೇರಿಯ ಜವಾನ. ಎದೆಗೆ ಅಡ್ಡಲಾದ ಪಟ್ಟಿಯ ಮೇಲೆ ಈ ಬಿಲ್ಲೆ ಹೊಳೆಯುತ್ತಿದ್ದಾಗ ಸಾಹುಕಾರರೂ ದಾರಿ ಬಿಡುತ್ತಿದ್ದರಂತೆ. ಒಂದು ದಿನ ಮರೆತು ಹೋದವರು ಮಲಪ್ರಭೆಯ ದಂಡೆಯಿಂದ ತಿರುಗಿ ಬಂದರಂತೆ. ಇದಿಲ್ಲದೆ ಹೋದರೆ ಕಚೇರಿಯ ಬಾಗಿಲಲ್ಲಿ ಮಲಗುವ ನಾಯಿಗೂ ತಮ್ಮ ಗುರುತು ಸಿಗುವುದಿಲ್ಲ ಎಂಬುದು ಅವರ ಮಾತು. ಅತ್ತೆಯವರು ಇದನ್ನು ನಗುತ್ತ ಹೇಳುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ನೆನೆದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಮನುಷ್ಯನನ್ನು ಬಿಟ್ಟು ಬಿಲ್ಲೆಗೆ ನಮಸ್ಕಾರ ಮಾಡುವ ಕಾಲದಲ್ಲಿ ಆ ಹಿರಿಯರು ಬಿಲ್ಲೆಯಿಲ್ಲದ ತಮ್ಮನ್ನು ತಾವೇ ನಂಬದೆ ಹೋದರಲ್ಲ ಎನಿಸುತ್ತದೆ. ಸಂಸ್ಥಾನ ಹೋಯಿತು, ಬಿಲ್ಲೆ ಉಳಿಯಿತು.

ಇನ್ನೊಂದರಲ್ಲಿ ಒಂದಾದ ಕನ್ನಡ ನಾಡಿನ ನಕಾಶೆಯಿದೆ. ಬೀದರದ ಮೂಲೆಗೆ ತುಕ್ಕು ಹತ್ತಿದೆ, ಉಳಿದ ನಾಡು ಸುರಕ್ಷಿತ. ಚುನಾವಣೆಯ ಬಿಲ್ಲೆಗಳಂತೂ ಹಿಡಿ ತುಂಬ. ಜೀಪಿನಿಂದ ಅವನ್ನು ಕಡಲೆಯಂತೆ ತೂರುತ್ತಿದ್ದರು, ನಿಮ್ಮ ಅಪ್ಪಂದಿರು ಧೂಳಿನಲ್ಲಿ ಬಿದ್ದು ಆರಿಸುತ್ತಿದ್ದರು. ಹೊರಗೆ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಎದುರಾಳಿಗಳ ಬಿಲ್ಲೆಗಳು ನನ್ನ ಡಬ್ಬಿಯೊಳಗೆ ಪಿನ್ನಿಗೆ ಪಿನ್ನು ಸಿಕ್ಕಿಸಿಕೊಂಡು ಇಂದಿಗೂ ಬಿಡಿಸಲಾಗದಂತೆ ಅಪ್ಪಿಕೊಂಡಿವೆ. ಬರೀ ಕಪ್ಪು ಬಣ್ಣದ, ಒಂದಕ್ಷರವೂ ಇಲ್ಲದ ಬಿಲ್ಲೆಯೂ ಒಂದುಂಟು. ಯಾರೋ ದೊಡ್ಡವರು ತೀರಿಕೊಂಡಾಗ ಮೌನ ಮೆರವಣಿಗೆಗೆ ಹಚ್ಚಿಕೊಂಡದ್ದು. ಯಾರೆಂಬುದು ಮರೆತಿದೆ. ದುಃಖದ ಬಿಲ್ಲೆಗೆ ಹೆಸರು ಬರೆಯಲಿಲ್ಲವಲ್ಲ, ಅದು ಯಾರಿಗಾದರೂ ಸಲ್ಲುತ್ತದೆ.

ಮುಂದೆ ಆ ದುಃಖ ನನಗೂ ಸಂದಿತು. ನಮ್ಮ ಕಡೆ ಹೆಂಗಸರು ಸೆರಗಿನ ಪಿನ್ನುಗಳನ್ನು ಕೈಬಳೆಗೆ ಸಿಕ್ಕಿಸಿಕೊಂಡು ತಿರುಗುವುದನ್ನು ನೀವು ನೋಡಿದ್ದೀರಿ. ಯಾವ ಗಳಿಗೆಯಲ್ಲಿ ಯಾರ ರವಿಕೆ ಹರಿಯುತ್ತದೋ, ಯಾವ ಮಗುವಿನ ಚಡ್ಡಿ ಜಾರುತ್ತದೋ. ನಿಮ್ಮ ಅಜ್ಜ ಹೋದ ಮೇಲೆ ನನ್ನ ಕೈಯಿಂದ ಬಳೆ ತೆಗೆದವರು ಹಿರಿಯ ನೆಗೆಣ್ಣಿ, ಅಜ್ಜನ ಅಣ್ಣನ ಹೆಂಡತಿ. ಬಳೆಗಳನ್ನು ಮಡಿಲಿಗೆ ಹಾಕಿಕೊಂಡು, ಅವುಗಳಲ್ಲಿದ್ದ ಪಿನ್ನುಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ನನ್ನ ಅಂಗೈಯೊಳಗಿಟ್ಟು, "ಇವನ್ನ ಇಟ್ಕೋ ತಂಗಿ, ಪಿನ್ನಿಗೇನ ಮುತ್ತೈದಿತನ ಇರತೈತೇನು" ಅಂದರು. ಬಳೆಯಿಲ್ಲದ ಕೈಯಲ್ಲಿ ಪಿನ್ನು ಎಲ್ಲಿಡಬೇಕು? ಬಿಲ್ಲೆಗಳ ಡಬ್ಬಿಗೆ ಹಾಕಿದೆ. ಹಾಕುವಾಗ ಒಳಗಿದ್ದುದನ್ನೆಲ್ಲ ನೆಲಕ್ಕೆ ಸುರುವಿ ನೋಡಿದೆ. ಅವರ ರಜೆಯ ದಿನಗಳೆಲ್ಲ ಅಲ್ಲಿದ್ದವು.

ಅದಾದ ಮೇಲೆ ಬಿಲ್ಲೆಗಾಗಿ ನಾನೇ ಬಾಯಿ ಬಿಡತೊಡಗಿದೆ. ಹಳೆ ಅರಿವೆ ತೆಗೆದುಕೊಂಡು ಪಾತ್ರೆ ಬೋಗಾಣಿ ಕೊಡುವ ಫಕೀರವ್ವ ಸವದತ್ತಿಯ ಕಡೆಯಿಂದ ಬರುತ್ತಾಳಲ್ಲ, ಅವಳಿಗೆ ಹೇಳಿಟ್ಟೆ. ಹಳೆ ಅಂಗಿಗಳಲ್ಲಿ ಅವಳಿಗೆ ಸಿಕ್ಕ ಬಿಲ್ಲೆಗಳೇ ಈಗ ಡಬ್ಬಿಯಲ್ಲಿ ಅರ್ಧದಷ್ಟಿವೆ. "ಮಂದಿ ಅರಿವಿ ಕೊಟ್ಟು ಬೋಗಾಣಿ ಒಯ್ತಾರ, ನೀವು ಅರಿವಿ ಕೊಟ್ಟು ತಗಡ ಬೇಡ್ತೀರಲ್ರಿ ಯವ್ವಾ" ಎಂದು ಪ್ರತಿ ಸಲ ಚುಚ್ಚುತ್ತಾಳೆ. ಪಿನ್ನಿಗಿಂತ ಮೆಲ್ಲಗೆ.

ಇಷ್ಟು ಹೇಳಿದವಳು ಒಂದು ಬಿಲ್ಲೆಯ ಸುದ್ದಿಯನ್ನು ಮುಚ್ಚಿಟ್ಟುಕೊಂಡೇ ಬಂದಿದ್ದೆ. ನಿಮ್ಮ ಅಕ್ಕ ಸ್ಫೂರ್ತಿ ಬರದಿದ್ದರೆ ಅದು ಮುಚ್ಚಿಯೇ ಇರುತ್ತಿತ್ತು. ಅವಳೀಗ ರಾಮದುರ್ಗದಲ್ಲಿ ಬಿ.ಎಡ್. ಓದುತ್ತಾಳೆ. ಪಾಠ ಹೇಳಲು ಹೋಗುವ ಸಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿದೆಯೆಂದು ಡಬ್ಬಿ ಕೇಳಿಕೊಂಡು ಬಂದಳು. ಹಲಗೆಯೊಂದಕ್ಕೆ ಬಿಳಿ ಅರಿವೆ ಬಿಗಿದು, ಒಂದೊಂದು ಬಿಲ್ಲೆಯನ್ನೂ ಎತ್ತಿ ಹಿಡಿದು, ಇದು ಯಾರದು, ಯಾವಾಗಿನದು, ಏನು ಕಥೆ ಎಂದು ಕೇಳುತ್ತ ಸಿಕ್ಕಿಸುತ್ತ ಹೋದಳು. ಮೇಲೆ 'ನಮ್ಮ ಅಜ್ಜನ ಬಿಲ್ಲೆಗಳು' ಎಂದು ಚೆಂದನೆಯ ಅಕ್ಷರದಲ್ಲಿ ಬರೆದಳು. ಕೊನೆಗೆ ಒಂದನ್ನು ಎತ್ತಿ ಕಣ್ಣು ಕಿರಿದು ಮಾಡಿದಳು. ಉಳಿದ ಬಿಲ್ಲೆಗಳ ಮುಖವೆಲ್ಲ ಬಿಸಿಲಿಗೆ ಮಾಸಿದ್ದರೆ, ಇದರ ಮುಖ ನಿನ್ನೆ ಮೊನ್ನೆ ಮಾಡಿದಷ್ಟು ಹೊಸದು. ಬೆನ್ನಿನ ತಗಡಿಗೆ ಮಾತ್ರ ನೀರಿನ ಕಲೆ ಹತ್ತಿತ್ತು. ಮೇಲೆ 'ಸ್ವಯಂಸೇವಕಿ' ಎಂದಿತ್ತು.

"ಆಯಿ, ಇದು ಯಾರದು?"

ಯಾರದೋ ಇರಬೇಕು ಎಂದು ಒಲೆಯ ಕಡೆ ತಿರುಗಿದೆ. ಯಾರದೆಂದು ಗೊತ್ತಿಲ್ಲದ್ದನ್ನು ಹಲಗೆಗೆ ಹಚ್ಚುವಂತಿಲ್ಲ ಎಂದು ಅವಳು ಅದನ್ನು ಬದಿಗಿಟ್ಟಳು. ಅದು ಟಿಣ್ಣೆಂದು ನೆಲಕ್ಕೆ ತಾಗಿದ ಸಪ್ಪಳ ನನಗೆ ರೊಟ್ಟಿ ಬಡಿಯುವಾಗಲೂ ಕೇಳುತ್ತಿತ್ತು. ಊರವರೆಲ್ಲರ ಬಿಲ್ಲೆಗೆ ಕಥೆ ಹೇಳಿ, ಒಂದನ್ನು ಮಾತ್ರ ಅನಾಥವಾಗಿ ಬಿಟ್ಟಿದ್ದೆ.

ಕಿತ್ತೂರಿನಲ್ಲಿ ಒಮ್ಮೆ ದೊಡ್ಡದೊಂದು ಸಭೆಯಾಯಿತು. ಹೆಂಗಸರು ಬಹಳ ಬರುತ್ತಾರೆ, ಅವರ ಬದಿಗೆ ನೀರು ಕೊಡಲು ಹೆಂಗಸರೇ ಬೇಕೆಂದು ನಿಮ್ಮ ಅಜ್ಜ ಎರಡು ಬಿಲ್ಲೆ ತಂದು ಒಂದನ್ನು ನನ್ನ ಮುಂದಿಟ್ಟರು. ಎದೆಯ ಮೇಲೆ ಅಕ್ಷರ ಹಚ್ಚಿಕೊಂಡರೆ ಓದಲು ಬಂದವರೆಲ್ಲ ಎದೆಯನ್ನೇ ನೋಡುತ್ತಾರಲ್ಲ ಎಂಬುದೊಂದೇ ನನ್ನ ಚಿಂತೆ. ಬೇಡವೆನ್ನಲೂ ಆಗದೆ, ಸೆರಗಿನ ಮೇಲೆ ಬಿಲ್ಲೆಯ ಬೆನ್ನು ಕಾಣುವಂತೆ, ಮುಖ ನನ್ನೆಡೆಗೆ ಇರುವಂತೆ ತಿರುವಿ, ಬಳೆಯಲ್ಲಿದ್ದ ಪಿನ್ನಿನಿಂದ ಸಿಕ್ಕಿಸಿಕೊಂಡೆ. ಇಡೀ ಹಗಲು ನೀರಿನ ಹರವಿಗಳ ಬಳಿ ಕುಳಿತೆ. ಬಾಯಾರಿದ ಹೆಂಗಸರು ಬರುತ್ತಿದ್ದರು, ನನ್ನನ್ನು ನೋಡಿ ಇವಳೂ ನಮ್ಮಂಥವಳೇ ಎಂದುಕೊಂಡು ಗಂಡಸರ ಬದಿಗೆ ನಡೆಯುತ್ತಿದ್ದರು. ಕರೆದು ಕೊಡಲು ನನಗೆ ದನಿ ಏಳಲಿಲ್ಲ. ಮುದುಕಿಯೊಬ್ಬಳು ಪಕ್ಕದಲ್ಲಿ ಕುಕ್ಕರಿಸಿ, "ನೀನೂ ನೀರಿಗೇ ಕುಂತೀಯೇನ ಯವ್ವಾ, ಯಾರ ಬರ್ತಾರೋ ಏನೋ" ಅಂದಳು. ಅವಳೊಬ್ಬಳಿಗೆ ತಂಬಿಗೆ ತುಂಬಿ ಕೊಟ್ಟೆ. ಸಂಜೆ ನಿಮ್ಮ ಅಜ್ಜ ಬಂದು, ಸೆರಗಿನ ಮೇಲಿನ ಬರೀ ತಗಡನ್ನು ನೋಡಿ, "ಎಲ್ಲಾರ ಬಿಲ್ಲಿ ಮಂದಿಗಂತ ಇರತಾವ, ನಿಂದು ನಿನಗಂತ ಐತೇನು?" ಎಂದರು. ಬೈದದ್ದಲ್ಲ, ನಗಿಸಲು ಅಂದದ್ದು. ಆದರೆ ಮತ್ತೆಂದೂ ಎರಡನೆಯ ಬಿಲ್ಲೆ ತರಲಿಲ್ಲ. ನಾನೂ ಕೇಳಲಿಲ್ಲ.

ಹಲಗೆ ಸಿದ್ಧವಾದ ಮರುದಿನ ಮುಂಜಾನೆ ಸ್ಫೂರ್ತಿ ಅದನ್ನು ಹಳೆಯ ಚಾದರಿನಲ್ಲಿ ಸುತ್ತಿ ಬಸ್ಸಿಗೆ ಹೊರಟು ನಿಂತಾಗ, ಹೊಸ್ತಿಲ ಹತ್ತಿರ ಆ ಬಿಲ್ಲೆಯನ್ನು ಅವಳ ಕೈಗೆ ಕೊಟ್ಟೆ.

"ಇದು ನಂದು."

ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಬಸ್ಸು ತಪ್ಪಿತು. ಕೇಳಿದ ಮೇಲೆ ಅವಳು ಹಲಗೆ ಬಿಚ್ಚಿ ಬಿಲ್ಲೆಗೆ ಜಾಗ ಹುಡುಕುತ್ತಾಳೆಂದುಕೊಂಡಿದ್ದೆ. ಅವಳು ಅದನ್ನು ನನ್ನ ಅಂಗೈಯಲ್ಲೇ ತಿರುಗಿ ಇಟ್ಟು ಬೆರಳು ಮಡಚಿದಳು. "ಹಲಿಗಿ ಮ್ಯಾಲ ಬ್ಯಾಡ, ಆಯಿ. ನೀನ ಹಚ್ಕೊಂಡ ಬಾ."

ಪ್ರದರ್ಶನದ ದಿನ ಹೋದೆ. ಇಳಕಲ್ ಸೀರೆಗೆ ಬಿಲ್ಲೆ ಹಚ್ಚುವುದು ಎಷ್ಟು ಫಜೀತಿಯೆಂದು ಗಂಡಸರಿಗೆ ತಿಳಿಯದು. ತಲೆಯ ಮೇಲೆ ಹೊದ್ದ ಸೆರಗಿಗೆ ಹಚ್ಚಿದರೆ ಭಾರಕ್ಕೆ ಸೆರಗೇ ಜಾರುತ್ತದೆ; ಜಾರಿದ ಸೆರಗನ್ನು ಎಳೆದುಕೊಂಡರೆ ಬಿಲ್ಲೆ ಬಗಲಿಗೆ ಹೋಗಿ ಕೂರುತ್ತದೆ. ಬಸ್ಸಿನ ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ. ನೋಡಿದವರು ಮುದುಕಿಗೆ ಎದೆನೋವೇನೋ ಅಂದುಕೊಂಡಿರಬೇಕು, ಒಬ್ಬರು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸಾಲೆಯಲ್ಲಿ ಹಲಗೆಯ ಮುಂದೆ ಮಕ್ಕಳ ಗದ್ದಲ. ಮೇಲಿನ ಬರಹದಲ್ಲಿ 'ಅಜ್ಜನ' ಎಂಬುದರ ಪಕ್ಕ 'ಆಯಿಯ' ಎಂದು ಸಣ್ಣಗೆ ತುರುಕಿದ್ದು ಕಂಡಿತು. ನಾನು ಗೋಡೆಗೆ ಆತು ನಿಂತೆ, ಕೈ ಇನ್ನೂ ಬಿಲ್ಲೆಯ ಮೇಲೆಯೇ ಇತ್ತು. ಸೆರಗು ಸರಿಪಡಿಸಿಕೊಳ್ಳಲು ಕೈ ತೆಗೆದದ್ದೇ ತಡ, ಎರಡನೆಯ ಇಯತ್ತೆಯದೋ ಮೂರನೆಯದೋ, ಹುಡುಗಿಯೊಂದು ಎದುರು ಬಂದು ನಿಂತು ಕತ್ತೆತ್ತಿ, ಸ್ವ, ಯಂ, ಸೇ, ವ, ಕಿ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿತು. ಓದಿ ಮುಗಿಸಿ ಸಮಾಧಾನದಿಂದ ಕೇಳಿತು.

"ಕುಡ್ಯಾಕ ನೀರ ಎಲ್ಲಿ ಅದಾವ್ರಿ?"

ಆ ಸಾಲೆಯನ್ನು ನಾನು ಅಂದೇ ಮೊದಲು ನೋಡಿದ್ದು. ನೀರು ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ. ಆದರೆ ಬಿಲ್ಲೆ ಹಚ್ಚಿಕೊಂಡವಳು ಗೊತ್ತಿಲ್ಲ ಎನ್ನಬಹುದೇ? ಬಾ ಎಂದು ಅದರ ಕೈ ಹಿಡಿದೆ. ಇಬ್ಬರೂ ಅಂಗಳ ಸುತ್ತಿ, ಒಂದು ಬೀಗ ಹಾಕಿದ ಕೋಣೆಯನ್ನು ನೋಡಿ, ತಿರುಗಿ ಬಂದು, ಬೇವಿನ ಗಿಡದ ಹಿಂದೆ ನಳ ಕಂಡುಹಿಡಿದೆವು. ಅದು ಬೊಗಸೆಯೊಡ್ಡಿ ಕುಡಿಯುವವರೆಗೆ ನಾನು ನಳ ಹಿಡಿದು ನಿಂತೆ.

ಮನೆಗೆ ಬಂದ ಮಾರನೆಯ ದಿನ ಇಳಕಲ್ ಸೀರೆಯನ್ನು ಮಷೀನಿಗೆ ಹಾಕುವಂತಿಲ್ಲವಾದ್ದರಿಂದ ಬಕೀಟು ತುಂಬಿಕೊಂಡು ಕುಳಿತೆ. ಅದ್ದುವ ಮೊದಲು ಕೈ ಎಂದಿನಂತೆ ಅರಿವೆಯ ಮೇಲೆ ಆಡಿತು, ಹೆಬ್ಬೆರಳಿಗೆ ಚುರುಕೆಂದಿತು. ತೆಗೆಯುವುದನ್ನು ಮರೆತಿದ್ದೆ. ಇಷ್ಟು ಕಾಲ ನಿಮ್ಮ ಅಜ್ಜ ಎಲ್ಲಿಗೆ ಹೋಗಿ ಬಂದರೆಂದು ಹೇಳುತ್ತಿದ್ದ ಅದೇ ಚುಚ್ಚು, ಈ ಸಲ ನಾನು ಎಲ್ಲಿಗೆ ಹೋಗಿ ಬಂದೆನೆಂಬುದನ್ನು ಹೇಳಿತು.