ಬಿಸಿನೀರ ತೊಟ್ಟಿಯ ನೊಣ

ಕೆಲಸವಿಲ್ಲದವರನ್ನು ಜನ ನೊಣ ಹೊಡೀತಾ ಕೂತಿದ್ದಾರೆ ಅಂತಾರೆ. ನಮ್ಮ ದೊಡ್ಡಮ್ಮನಿಗೆ ಅದೇ ಕೆಲಸ. ಬಿಸಿನೀರಿನ ಬುಗ್ಗೆಯ ಪಕ್ಕದಲ್ಲಿರುವ ಹೆಂಗಸರ ಸ್ನಾನದ ತೊಟ್ಟಿ ಅವಳ ಸುಪರ್ದಿಯಲ್ಲಿದೆ. ಮೆಟ್ಟಿಲು ಉಜ್ಜುವುದು, ಕಪಾಟಿನ ಬೀಗದಕೈ ಕೊಡುವುದು, ಉಳಿದ ಹೊತ್ತಿನಲ್ಲಿ ಟವೆಲ್ ಬೀಸಿ ನೊಣ ಓಡಿಸುವುದು. ತೊಟ್ಟಿಯ ಹಿಂದಿನ ಒಂದು ಕೋಣೆಯೇ ಅವಳ ಮನೆ. ದೊಡ್ಡಪ್ಪ ಹೋದಮೇಲೆ ಅವಳದು ಅಂತ ಇರುವುದು ಅದೊಂದೇ. ನಮ್ಮನೆಗೆ ಬಾ ಅಂದರೆ, ನಿಮ್ಮನೇಲಿ ಬಿಸಿನೀರಿಗೆ ಸ್ವಿಚ್ ಹಾಕ್ಬೇಕು ಅಂತ ಮೂಗು ಮುರಿಯುತ್ತಾಳೆ.

ಈ ನೊಣ ಅಡುಗೆಮನೆಯ ನೊಣವಲ್ಲ. ಕಚ್ಚುವುದಿಲ್ಲ, ಅನ್ನದ ಮೇಲೆ ಕೂರುವುದಿಲ್ಲ. ಬಾಯಿಗೆ ಬಿದ್ದರೆ ಉಗುಳುವಷ್ಟು ಉಪ್ಪಾದ, ಕೈಯಿಟ್ಟರೆ ಚುರ್ರ್ ಅನ್ನುವ ನೀರು. ಅದರ ಅಂಚಿನ ಪಾಚಿಯೇ ಇದಕ್ಕೆ ಊಟ, ಅಲ್ಲೇ ಬಾಣಂತನ. ಒಂದು ಗುಳ್ಳೆ ಗಾಳಿಯನ್ನು ಮೈಗೆ ಸುತ್ತಿಕೊಂಡು ನೀರೊಳಗೆ ನಡೆದುಹೋಗಿ, ಒಣ ಮೈಯಲ್ಲೇ ಹೊರಗೆ ಬರುತ್ತದೆ. ಅದೇ ತೊಟ್ಟಿಗೆ ಇಳಿದ ನಾನು ಕೆಂಪಗೆ ಬೆಂದು ಬಂದಿದ್ದೇನೆ.

ಒಂದು ಸಲ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಅಂಚಿನುದ್ದಕ್ಕೂ ಕಪ್ಪಗೆ ಕೂತಿದ್ದ ನೊಣ ನೋಡಿ, ಮುಂದಿನ ಸಲ ಇವು ಕಂಡರೆ ತೊಟ್ಟಿ ಮುಚ್ಚಿಸ್ತೀನಿ, ನೀವು ಕೋಣೆ ಖಾಲಿ ಮಾಡ್ಬೇಕಾಗುತ್ತೆ ಅಂದರು. ದೊಡ್ಡಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಸಂಜೆಗೆ ಎದ್ದಳು. ಊಟವೇ ಇಲ್ಲದ ಮೇಲೆ ನೊಣ ಯಾಕೆ ಬರುತ್ತೆ ಅಂತ ಅವಳ ಲೆಕ್ಕಾಚಾರ. ತೊಟ್ಟಿ ಕಟ್ಟಿದಾಗಿನಿಂದ ಯಾರೂ ಮುಟ್ಟದ ಪಾಚಿಯನ್ನು ತಂತಿ ಬ್ರಷ್ ಹಿಡಿದು ಕೆರೆದಳು. ಬೇಡ ಅಂದರೆ ಕೇಳುವ ಪೈಕಿ ಅಲ್ಲ ಅವಳು. ಕಲ್ಲು ಫಳಫಳ ಹೊಳೆಯಿತು. ನೊಣ ಹೋಯಿತು. ಜೊತೆಗೆ ನೀರೂ ಹೋಯಿತು.

ಆ ಹಳೇ ತೊಟ್ಟಿಯ ಸಂದುಗಳನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದು ಗಾರೆಯಲ್ಲ, ಪಾಚಿ. ಗಾರೆ ಕೆಲಸದವನು ಬಂದು ಸಿಮೆಂಟು ಮೆತ್ತಿದ. ಆ ಬಿಸಿಗೆ, ಆ ಉಪ್ಪಿಗೆ ಅದು ಉದುರಿತು. ಬುಗ್ಗೆಯ ನೀರು ಒಂದು ಕಡೆ ಬರುತ್ತಿತ್ತು, ಇನ್ನೊಂದು ಕಡೆ ಸೋರಿಹೋಗುತ್ತಿತ್ತು. ಪಾದ ಮುಳುಗುವಷ್ಟೂ ನಿಲ್ಲಲಿಲ್ಲ.

ಇನ್ಸ್‌ಪೆಕ್ಟರು ಮತ್ತೆ ಬಂದು ಮೂಲೆಮೂಲೆಗೂ ಬಗ್ಗಿ ನೋಡಿದರು. ನೊಣ ಇಲ್ಲ, ತುಂಬಾ ಸಂತೋಷ ಅಂದರು. ನೀರೂ ಇಲ್ಲ ಸಾರ್ ಅಂತ ನಾನು ಬಾಯಿ ಹಾಕಿದೆ. ಅದು ನಮ್ಮ ವಿಭಾಗಕ್ಕೆ ಬರಲ್ಲ ಅಂದರು. ಕೋಣೆ ಉಳಿಯಿತು.

ಸ್ನಾನಕ್ಕೆ ಬರುತ್ತಿದ್ದವರೆಲ್ಲ ಬರುವುದು ಬಿಟ್ಟರು. ಮಂಡಿನೋವಿಗೆ ಆ ನೀರನ್ನೇ ನಂಬಿದ್ದ ಟೈಲರ್ ಅಜ್ಜಿ ಮಾತ್ರ ಅಭ್ಯಾಸಬಲದಿಂದ ದಿನಾ ಬಂದು, ಒಣ ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಂಡು ಹೋಗುತ್ತಿದ್ದರು. ಒಂದು ದಿನ ಮೆಟ್ಟಿಲಿಳಿಯಲೂ ಆಗದೆ ಬಾಗಿಲಿಂದಲೇ ವಾಪಸಾದರು. ಅವತ್ತು ದೊಡ್ಡಮ್ಮ ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಪ್ಪ ಹೋದಾಗಲೂ ಅವಳು ಹಾಗೆ ಅತ್ತಿದ್ದು ನಾನು ನೋಡಿಲ್ಲ.

ಆಮೇಲೆ ಅವಳು ಬ್ರಷ್ ಮುಟ್ಟಲಿಲ್ಲ. ಹೊರಗಿನ ಕಾಲುವೆಯಲ್ಲಿ ಉಳಿದಿದ್ದ ಪಾಚಿ ತಂದು ಸಂದುಗೊಂದುಗಳಿಗೆಲ್ಲ ಮೆತ್ತಿದಳು. ಮೆಲ್ಲಗೆ ಹಸಿರು ಹಬ್ಬಿತು. ನೀರು ಕಣಕಾಲಿಗೆ ಬಂತು, ಮಂಡಿಗೆ ಬಂತು. ಹಿಂದೆಯೇ ನೊಣವೂ ಬಂತು. ಮೊದಲನೆಯದನ್ನು ನೋಡಲು ನನಗೆ ಫೋನ್ ಮಾಡಿ ಕರೆಸಿದಳು. ಆಫೀಸಿಗೆ ರಜೆ ಹಾಕಿ ನೊಣ ನೋಡಲು ಹೋದವರು ನಮ್ಮ ವಂಶದಲ್ಲಿ ನಾನೇ ಮೊದಲು.

ಇನ್ಸ್‌ಪೆಕ್ಟರು ನಾಳೆ ಬರುತ್ತಾರಂತೆ. ಕೋಣೆ ಹೋದರೆ ಏನು ಮಾಡ್ತೀಯಾ ದೊಡ್ಡಮ್ಮಾ ಅಂತ ಕೇಳಿದೆ. ಅಜ್ಜಿಯ ಕೈಹಿಡಿದು ನೀರಿಗಿಳಿಸುತ್ತಿದ್ದವಳು ನನ್ನ ಕಡೆ ತಿರುಗಲೂ ಇಲ್ಲ.

"ಗಂಟುಮೂಟೆ ಕಟ್ಟಿಟ್ಟಿದ್ದೀನಿ. ಮುಚ್ಚೋದಾದ್ರೆ ತುಂಬಿದ ತೊಟ್ಟೀನೇ ಮುಚ್ಚಲಿ," ಅಂದಳು. "ಮೆಲ್ಲಗೆ ಅಜ್ಜಿ, ಬಿಸಿ ಇದೆ."