ಟಿಚ್ ಬಟನ್

ಆಸ್ಪತ್ರೆಗೆ ಹೊರಟರೂ ಮದುವೆಗೆ ಹೊರಟಷ್ಟೇ ಅಚ್ಚುಕಟ್ಟಾಗಿ ಹೊರಡಬೇಕು ಅನ್ನುವುದು ನಮ್ಮಮ್ಮನ ಕಾನೂನು. ಪಾರ್ಶ್ವವಾಯು ಹೊಡೆದು ನನ್ನ ಬಲಗೈ, ಬಲಗಾಲು ಸೋತ ಮೇಲೂ ಅದು ಬದಲಾಗಲಿಲ್ಲ. ಅಂಗವೈಕಲ್ಯದ ಸರ್ಟಿಫಿಕೇಟಿಗೆಂದು ಲಕ್ಷ್ಮೀಪುರಂನ ಮನೆಯಿಂದ ಹೊರಟ ಬೆಳಿಗ್ಗೆ, ಇಸ್ತ್ರಿ ಮಾಡಿದ ಚೂಡಿದಾರ ತೊಡಿಸಿ, ತಲೆ ಬಾಚಿ, ಮಲ್ಲಿಗೆ ಮುಡಿಸಿ, ಚಪ್ಪಲಿಯ ಪಟ್ಟಿ ಬಿಗಿದು, ಹೆಗಲು ಕೊಟ್ಟು ಆಟೋ ಹತ್ತಿಸಿದಳು.

"ಹೂವು ಬೇಡಮ್ಮ. ಇವತ್ತಾದ್ರೂ ಕಾಯಿಲೆಯವಳ ಥರ ಕಾಣಬೇಕು ನಾನು."

"ಸುಮ್ನಿರೇ. ನೋಡಿದೋರು ಏನಂದ್ಕೊಂಡಾರು?"

ಆ ಸರ್ಟಿಫಿಕೇಟ್ ನನಗೆ ಬೇಕೇ ಬೇಕಿತ್ತು. ನನ್ನ ಆಫೀಸು ಮೂರನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ನಲವತ್ತು ಪರ್ಸೆಂಟ್ ಅಂತ ಬರೆಸಿ ತಂದರೆ ಕೆಳಗಡೆ ಕೂರಿಸುತ್ತೇವೆ ಅಂದಿದ್ದರು.

ಡಾಕ್ಟರು ಒಳ್ಳೆಯವರೇ. ಚಪ್ಪಲಿ ಬಿಚ್ಚಿಸಿ ಕಾಲೆತ್ತಿಸಿದರು, ಕೈ ಹಿಡಿದು ಒತ್ತಿ ಅಂದರು. ಆಮೇಲೆ ಮನೆಯ ಪ್ರಶ್ನೆಗಳು. ಸ್ನಾನ, ಊಟ, ಬಟ್ಟೆ: ತಾವೇ ಮಾಡಿಕೊಳ್ಳುತ್ತೀರೋ, ಸಹಾಯ ಬೇಕೋ, ಆಗುವುದೇ ಇಲ್ಲವೋ? ಇಡೀ ಬದುಕಿಗೆ ಅವರ ಫಾರಮ್ಮಿನಲ್ಲಿ ಮೂರೇ ಚೌಕ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದಳು.

"ಎಲ್ಲಾ ಅವಳೇ ಮಾಡ್ಕೋತಾಳೆ ಡಾಕ್ಟ್ರೇ. ಯಾರ್ಗೂ ಒಂಚೂರೂ ತೊಂದ್ರೆ ಕೊಡಲ್ಲ."

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಲ್ಲ ಅಂದರೆ ತುಂಬಿದ ಕೋಣೆಯಲ್ಲಿ ಅಮ್ಮ ಸುಳ್ಳುಗಾತಿಯಾಗುತ್ತಾಳೆ, ಹೌದು ಅಂದರೆ ನಾನು ಮೆಟ್ಟಿಲ ಪಾಲು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ.

"ಎಲ್ಲಿ, ತೋಳಿನ ಗುಂಡಿ ಒಂದ್ಸಲ ಬಿಚ್ಚಿ ಹಾಕ್ಕೊಳ್ಳಿ ನೋಡೋಣ," ಅಂದರು ಡಾಕ್ಟರು.

ಒಂದೇ ಕೈಗೆ ಸುಲಭವಾಗಲೆಂದು ಅಮ್ಮ ನನ್ನ ಬಟ್ಟೆಗಳಿಗೆಲ್ಲ ಟಿಚ್ ಬಟನ್ ಹೊಲಿದು, ಮೇಲೆ ಚಂದಕ್ಕೆ ಹಳೇ ಗುಂಡಿಯನ್ನೇ ಕೂರಿಸಿದ್ದಳು. ಎಡಗೈಯಲ್ಲಿ ಎಳೆದೆ, ಮತ್ತೆ ಒತ್ತಿದೆ. ಟಿಕ್ ಅಂತು. ಅಮ್ಮನ ಮುಖ ಅರಳಿತು. ಡಾಕ್ಟರು 'ತಾವೇ ಮಾಡಿಕೊಳ್ಳುತ್ತಾರೆ' ಅನ್ನುವುದಕ್ಕೆ ಗುರುತು ಹಾಕಿದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ನಲವತ್ತು ಮುಟ್ಟಲಿಲ್ಲ.

ಅಮ್ಮ ಆಟೋ ನೋಡಲು ಆಚೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ, ಟಿಚ್ ಬಟನ್ನನ್ನೂ ತೋರಿಸಿದೆ. ಡಾಕ್ಟರು ದನಿ ತಗ್ಗಿಸಿದರು.

"ಇದು ಆಗ್ಲೇ ಕಂಪ್ಯೂಟರಿಗೆ ಹೋಗ್ಬಿಟ್ಟಿದೆ ಕಣಮ್ಮ. ಇನ್ನೊಂದ್ಸಲ ಅರ್ಜಿ ಹಾಕಿ. ಆದ್ರೆ ತಾಯೀನ ಕರ್ಕೊಂಡು ಬರಬೇಡಿ. ಒಬ್ರೇ ಬನ್ನಿ."

ಹೂಂ ಅಂದೆ. ಅಷ್ಟರಲ್ಲಿ ಅಮ್ಮ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಹಾಕತೊಡಗಿದಳು.